ಕೊಪ್ಪರಿಗೆಯ ಲೆಕ್ಕ, ಎಲೆಯ ಲೆಕ್ಕ

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯ ಕಡೆ ಹರಿಸೇವೆಯೋ ದಾಸೋಹವೋ ನಡೆದರೆ ಅಡುಗೆಯ ಅಂದಾಜು ಹೇಳುವ ರೀತಿ ಒಂದೇ. ಇಷ್ಟು ಮೂಟೆ ಅಕ್ಕಿ, ಇಷ್ಟು ಸೇರು ಬೇಳೆ, ಇಷ್ಟು ತೆಂಗಿನಕಾಯಿ, ಇಷ್ಟು ಡಬ್ಬ ಎಣ್ಣೆ. ಎಷ್ಟು ಜನ ಉಂಡರು ಎಂಬುದನ್ನು ಆಮೇಲೆ ಎತ್ತಿದ ಎಲೆಗಳ ಮೇಲೆ ಹೇಳುವುದುಂಟು. ಒಬ್ಬೊಬ್ಬರು ಎಷ್ಟೆಷ್ಟು ಉಂಡರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದವನನ್ನು ಊರು ಒಂದು ಥರಾ ನೋಡುತ್ತದೆ. ಉಣ್ಣುವವರ ತುತ್ತು ಎಣಿಸಬಾರದು, ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಕಣದಲ್ಲಿ ರಾಶಿ ಅಳೆಯುವಾಗಲೂ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಶುರು ಮಾಡುತ್ತಿದ್ದ ಸೀಮೆ ಇದು. ಅನ್ನಕ್ಕೆ ಸಂಖ್ಯೆ ಹಚ್ಚುವುದೆಂದರೆ ಇಲ್ಲಿ ಹಿಂದಿನಿಂದಲೂ ಸ್ವಲ್ಪ ಅಳುಕು.

ಈಗ ಆ ಸಂಖ್ಯೆ ಮೊಬೈಲಿನಲ್ಲಿ ಮನೆಯೊಳಕ್ಕೆ ಬಂದಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಸೊಸೆಗೆ ಥೈರಾಯ್ಡ್, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನಿಗೆ ಜಿಮ್ಮು. ಹದಿನೈದು ಜನಕ್ಕೆ ಒಂದೇ ತಪ್ಪಲೆಯಲ್ಲಿ ಬೆಂದ ಸಾರನ್ನು ತಟ್ಟೆಗೆ ಹಾಕಿಸಿಕೊಂಡು ‘ಇದರಲ್ಲಿ ಎಷ್ಟು ಕ್ಯಾಲೊರಿ?’ ಎಂದು ಕೇಳಿದರೆ ಅಜ್ಜಿಗೆ ನಗು, ತಾಯಿಗೆ ಸಿಟ್ಟು. ಎಲ್ಲರಿಗೆಂದು ಮಾಡಿದ ಅನ್ನವನ್ನು ಒಬ್ಬನ ಪಾಲೆಂದು ತೂಗುವುದು ಸರಿಯೇ? ಸಂಕೋಚವೆಲ್ಲ ಮೂಢನಂಬಿಕೆ ಎಂದು ತಳ್ಳಿಬಿಡುವುದೂ ಸುಲಭ, ತಕ್ಕಡಿಯೇ ಅಪಚಾರ ಎನ್ನುವುದೂ ಸುಲಭ. ಎರಡಕ್ಕೂ ಮುಂಚೆ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಲೆಕ್ಕ ಕಷ್ಟದ್ದಲ್ಲ. ಬರಿಯ ಪಾತ್ರೆಯನ್ನು ಮೊದಲು ತೂಗಿ ಗುರುತು ಹಾಕಿಕೊಳ್ಳುವುದು. ಒಳಗೆ ಬೀಳುವ ಪ್ರತಿ ಹಸಿ ಪದಾರ್ಥವನ್ನೂ ತೂಗುವುದು. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಬರಿಪಾತ್ರೆಯ ತೂಕ ಕಳೆಯುವುದು. ಒಟ್ಟು ಕ್ಯಾಲೊರಿಯನ್ನು ಉಳಿದ ತೂಕಕ್ಕೆ ಹಂಚುವುದು. ಎರಡು ಕಿಲೋ ರಾಗಿ ಹಿಟ್ಟು ತೊಳಸಿದರೆ, ನೂರು ಗ್ರಾಂ ಹಿಟ್ಟಿಗೆ ಸುಮಾರು 320ರಂತೆ ಒಟ್ಟು 6,400 ಕ್ಯಾಲೊರಿ. ಎಸರಿನ ನೀರು ಕುಡಿದು ಮುದ್ದೆಯೆಲ್ಲ ಸೇರಿ ಆರು ಕಿಲೋ ತೂಗಿದರೆ, ಮುನ್ನೂರು ಗ್ರಾಮಿನ ಒಂದು ಮುದ್ದೆಗೆ 320 ಬರುತ್ತದೆ. ನೀರಿಗೆ ತೂಕವಿದೆ, ಕ್ಯಾಲೊರಿಯಿಲ್ಲ. ಮುದ್ದೆ ಮೆತ್ತಗಾದಷ್ಟೂ ಅದೇ ತೂಕಕ್ಕೆ ಕ್ಯಾಲೊರಿ ಕಡಿಮೆ. ಇನ್ನು ಸಾರು. ಅರ್ಧ ಕಿಲೋ ತೊಗರಿಬೇಳೆಗೆ ಸುಮಾರು 1,650, ನೂರು ಗ್ರಾಂ ಹಸಿ ಕಾಯಿಗೆ 400, ಐವತ್ತು ಗ್ರಾಂ ಒಗ್ಗರಣೆ ಎಣ್ಣೆಗೆ 450, ಕಿಲೋ ತರಕಾರಿಗೆ 300 ಹಿಡಿದರೆ ಒಟ್ಟು 2,800. ಸಾರು ನಾಲ್ಕು ಕಿಲೋ ಆದರೆ ನೂರು ಗ್ರಾಮಿಗೆ 70, ನೂರೈವತ್ತು ಗ್ರಾಂ ಹಿಡಿಯುವ ಸೌಟಿಗೆ 105.

ಕಾಗದದ ಮೇಲೆ ಎರಡೂ ಒಂದೇ ಬಗೆಯ ಲೆಕ್ಕ. ಒಲೆಯ ಮುಂದೆ ಅಲ್ಲ. ಮುದ್ದೆಯನ್ನು ಗಂಟಿಲ್ಲದ ಹಾಗೆ ತೊಳಸಿರುತ್ತಾರೆ. ಯಾವ ಮೂಲೆಯಿಂದ ಕಿತ್ತರೂ ಅದೇ ಹಿಟ್ಟು, ಅದೇ ನೀರು. ಅಲ್ಲಿ ಸರಾಸರಿ ನಿಜ ಹೇಳುತ್ತದೆ. ಸಾರು ಹಾಗಲ್ಲ. ಒಗ್ಗರಣೆ ಮೇಲೆ ತೇಲುತ್ತದೆ, ಬೇಳೆ ತಳಕ್ಕಿಳಿಯುತ್ತದೆ, ಹೋಳು ಸೌಟಿನ ಕೈ ಹೋದತ್ತ ಬರುತ್ತವೆ. ಮೊದಲ ಪಂಕ್ತಿಗೆ ಗಟ್ಟಿ ಬಿದ್ದು ಕೊನೆಯ ಪಂಕ್ತಿಗೆ ಬಿಸಿನೀರು ಬೆರೆಸಿದ ತಿಳಿ ಬಿದ್ದರೂ ಕೊಪ್ಪರಿಗೆಯ ಸರಾಸರಿ 70 ಎಂದೇ ಹೇಳುತ್ತಿರುತ್ತದೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆ ಹುಟ್ಟಿದ್ದು ಈ ಸೌಟಿನ ರಾಜಕೀಯವನ್ನು ಕಂಡವರ ಬಾಯಲ್ಲಿ.

ಧರ್ಮಶಾಸ್ತ್ರಗಳಿಗೆ ಈ ತಾರತಮ್ಯ ಗೊತ್ತಿತ್ತು. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸುವುದು ಪಂಕ್ತಿಭೇದ, ಅದು ದೋಷ ಎಂದು ಅವು ಹೇಳಿದವು. ಆ ದೋಷ ಒಂದೇ ಸಾಲಿನೊಳಗಿನ ಮಾತಾಗಿತ್ತು. ಜಾತಿಗೊಂದು ಸಾಲು ಹಾಕಿ ನಮ್ಮ ಸಮಾಜ ಆ ಸಂದಿನಲ್ಲೇ ನೂರಾರು ವರ್ಷ ನುಸುಳಿಕೊಂಡಿತು. ಆದರೂ ಅನ್ನದ ಅಳತೆ ಧರ್ಮದ ಪ್ರಶ್ನೆಯೂ ಹೌದೆಂಬುದಕ್ಕೆ ಆ ಒಂದು ಶಬ್ದವೇ ಸಾಕ್ಷಿ.

ಹಾಗಾದರೆ ತುತ್ತು ಎಣಿಸಬಾರದೆಂಬ ಮಾತು? ಹಳೆಯ ಗ್ರಂಥಗಳನ್ನು ತೆರೆದರೆ ಎಣಿಕೆಯೇ ಎಣಿಕೆ. ಆಪಸ್ತಂಬ ಧರ್ಮಸೂತ್ರದ ಪ್ರಕಾರ ಮುನಿಗೆ ಎಂಟು ತುತ್ತು, ಕಾಡಿನಲ್ಲಿರುವ ವಾನಪ್ರಸ್ಥನಿಗೆ ಹದಿನಾರು, ಗೃಹಸ್ಥನಿಗೆ ಮೂವತ್ತೆರಡು. ಓದುವ ಬ್ರಹ್ಮಚಾರಿಗೆ ಮಿತಿಯೇ ಇಲ್ಲ. ಬ್ರಹ್ಮಚಾರಿಯನ್ನು ಅದು ಗಾಡಿ ಎಳೆಯುವ ಎತ್ತಿನ ಜೊತೆ ಸೇರಿಸುತ್ತದೆ: ಇವರೆಲ್ಲ ಉಂಡರೇ ಕೆಲಸ ಸಾಗುವುದು. ಅಮೃತಮಹಲ್ ದನಗಳನ್ನು ಸಾಕಿದ ಅಜ್ಜಂಪುರ, ಬೀರೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಂದ್ರಾಯಣ ವ್ರತದಲ್ಲಿ ಚಂದ್ರ ಕುಗ್ಗಿದಂತೆ ದಿನಕ್ಕೊಂದು ತುತ್ತು ಕಳೆದು, ಹಿಗ್ಗಿದಂತೆ ಕೂಡಿಸುತ್ತ ಹೋಗಬೇಕು. ಜೈನರಲ್ಲಿ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು ಅವಮೌದರ್ಯ ಎಂಬ ತಪಸ್ಸೇ ಆಗಿದೆ. ಗಂಡಸಿಗೆ ಮೂವತ್ತೆರಡು, ಹೆಂಗಸಿಗೆ ಇಪ್ಪತ್ತೆಂಟು ತುತ್ತು ಪೂರ್ಣಾಹಾರವೆಂದು ಇಟ್ಟುಕೊಂಡು ಅಲ್ಲಿಂದ ಕೆಳಗೆ ಎಣಿಸಬೇಕು. ಭಗವದ್ಗೀತೆಯ ಆರನೆಯ ಅಧ್ಯಾಯವಂತೂ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಕೂಡಿಬರುವುದಿಲ್ಲ ಎಂದು ಎರಡು ಬಾಗಿಲನ್ನೂ ಹಾಕಿಬಿಡುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಕೋಸಲದ ರಾಜ ಪ್ರಸೇನಜಿತನ ಪ್ರಸಂಗ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಬರುವ ದೋಣಪಾಕ ಸುತ್ತದ ಈ ರಾಜ ಒಂದು ದ್ರೋಣದಷ್ಟು ಅಕ್ಕಿಯ ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧನ ಮುಂದೆ ಬಂದು ಕೂರುತ್ತಾನೆ. ಮಿತಿಯರಿತು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಆಯಸ್ಸು ಉಳಿಯುತ್ತದೆ ಎಂಬ ಅರ್ಥದ ಒಂದು ಗಾಥೆಯನ್ನು ಬುದ್ಧ ಹೇಳುತ್ತಾನೆ. ರಾಜ ಅದನ್ನು ತಾನೇ ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಹಿಂದೆ ನಿಂತಿದ್ದ ಸುದರ್ಶನನೆಂಬ ಹುಡುಗನಿಗೆ ಗಾಥೆ ಕಲಿತುಕೊಂಡು, ಊಟಕ್ಕೆ ಕೂತಾಗಲೆಲ್ಲ ಹೇಳು ಎಂದು ಅಪ್ಪಣೆ ಮಾಡುತ್ತಾನೆ. ಅದಕ್ಕೆ ದಿನಕ್ಕೆ ನೂರು ಕಹಾಪಣ ಸಂಬಳ. ಬರುಬರುತ್ತ ರಾಜನ ಊಟ ದ್ರೋಣಕ್ಕಿಂತ ಬಹಳ ಚಿಕ್ಕ ಅಳತೆಯಾದ ಒಂದು ನಾಳಿಗೆಗೆ ಇಳಿಯಿತು, ಮೈ ಹಗುರವಾಯಿತು. ಇಂದು ಫೋನು ಪುಕ್ಕಟೆ ಮಾಡುವ ಕೆಲಸಕ್ಕೆ ಅರಸನೊಬ್ಬ ಆಗ ಆಳು ಇಟ್ಟಿದ್ದ.

ಈ ಎಲ್ಲ ಎಣಿಕೆಯಲ್ಲೂ ಎಣಿಸುವವನು, ಉಣ್ಣುವವನು ಒಬ್ಬನೇ. ರಾಜನಿಗೆ ನೆನಪಿಸುವ ಹುಡುಗನೂ ರಾಜನೇ ಇಟ್ಟುಕೊಂಡವನು. ನನ್ನ ತುತ್ತನ್ನು ನಾನು ಎಣಿಸಿದರೆ ಅದು ವ್ರತ. ಪಕ್ಕದವನ ತುತ್ತನ್ನು ಎಣಿಸಿದರೆ ದೃಷ್ಟಿ. ಹಿರಿಯರ ಅಳುಕು ಸಂಖ್ಯೆಯ ಬಗ್ಗೆ ಇರಲಿಲ್ಲ, ಕಣ್ಣಿನ ಬಗ್ಗೆ ಇತ್ತು. ತನ್ನ ತಟ್ಟೆಯನ್ನು ತೂಗಿಕೊಳ್ಳುವ ಮಗನ ಮೇಲೆ ತಾಯಿ ಸಿಟ್ಟಾಗಲು ಧರ್ಮದ ಆಧಾರವೇನೂ ಇಲ್ಲ ಎಂದೇ ಹೇಳಬೇಕು. ಅವನು ಹಬ್ಬದ ದಿನ ಹೋಳಿಗೆಯನ್ನು ತಕ್ಕಡಿಗಿಡದಿದ್ದರೆ ಒಳ್ಳೆಯದು, ಅದು ಬೇರೆ ಮಾತು.

ಆಹಾರದ ಶಾಖವನ್ನು ಅಳೆದ ವಿಜ್ಞಾನಕ್ಕೂ ಈ ಪರಂಪರೆಗೂ ಜಗಳವಿರಬೇಕಾಗಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್, ಪಾದ್ರಿಯೊಬ್ಬರ ಮಗ, ಆಹಾರವನ್ನು ಉಕ್ಕಿನ ಪಾತ್ರೆಯಲ್ಲಿ ಅಕ್ಷರಶಃ ಸುಟ್ಟು ಅದರ ಶಾಖ ಅಳೆದ. ಗ್ರಾಂ ಪಿಷ್ಟಕ್ಕೆ ನಾಲ್ಕು, ಪ್ರೊಟೀನಿಗೆ ನಾಲ್ಕು, ಕೊಬ್ಬಿಗೆ ಒಂಬತ್ತು ಎಂಬ, ಇಂದಿಗೂ ಬಳಕೆಯಲ್ಲಿರುವ ಸೂತ್ರ ಅವನದು. ನಮ್ಮವರೂ ಹೊಟ್ಟೆಯೊಳಗೆ ಉರಿಯುವ ವೈಶ್ವಾನರ ಎಂಬ ಅಗ್ನಿಯನ್ನು ಕಂಡು, ಮೊದಲ ಐದು ತುತ್ತನ್ನು ಆಹುತಿ ಎಂದರು. ಅಟ್‌ವಾಟರನಿಗೆ ಅದು ಎಷ್ಟು ಉರಿಯಿತು ಎಂಬುದು ಮುಖ್ಯ, ಇವರಿಗೆ ಯಾರಿಗಾಗಿ ಉರಿಯಿತು ಎಂಬುದು. ಭಾರತದ ಆಹಾರಗಳಿಗೆ ಇಂಥ ಅಂಕಿಗಳ ಕೋಷ್ಟಕ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ವ್ಯಾಲೇಸ್ ಏಕ್ರಾಯ್ಡ್ ಕೈಯಲ್ಲಿ 1937ರಲ್ಲಿ ಸಿದ್ಧವಾಯಿತು. ರಾಗಿ, ತೊಗರಿ, ಹುರುಳಿಗೆಲ್ಲ ಅಲ್ಲಿ ಅಂಕಿ ಬಂದವು. ಆ ಸಂಸ್ಥೆಯೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ತೊಡಕು ಶುರುವಾಗುವುದು ಒಬ್ಬರು ಇನ್ನೊಬ್ಬರ ಪಾಲನ್ನು ಅಳೆಯತೊಡಗಿದಾಗ. ಕಡೂರಿನ ಬಯಲುಸೀಮೆಯೂ ಸೇರಿದಂತೆ ಮೈಸೂರು ಸಂಸ್ಥಾನ ಹಸಿವಿಗೆ ತೆತ್ತ ಬೆಲೆ ದೊಡ್ಡದು. 1876–78ರ ಮಹಾಕ್ಷಾಮದಿಂದಾಗಿ, 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅದೇ ಹೊತ್ತಿಗೆ ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಕ್ಷಾಮದ ಉಸ್ತುವಾರಿಗೆ ಬಂದ ರಿಚರ್ಡ್ ಟೆಂಪಲ್, ಕಲ್ಲು ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಮೇಲೊಂದಾಣೆ ಸಾಕೆಂದು 1877ರಲ್ಲಿ ಗೊತ್ತು ಮಾಡಿದ. ಒಂದು ಪೌಂಡ್ ಎಂದರೆ ನಾನೂರೈವತ್ತು ಗ್ರಾಂ ಚಿಲ್ಲರೆ, ಇಂದಿನ ಲೆಕ್ಕದಲ್ಲಿ ಸುಮಾರು 1,500 ಕ್ಯಾಲೊರಿ. ಭಾರಿ ದುಡಿಮೆಯ ಗಂಡಸಿಗೆ 3,470 ಬೇಕೆನ್ನುವುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಟೆಂಪಲನ ಈ ಒಂದು ಪೌಂಡಿನ ಅಳತೆಯನ್ನು ಆಗಲೇ ಬಲವಾಗಿ ವಿರೋಧಿಸಿದ್ದ. ಟೆಂಪಲನ ಕೈಯಲ್ಲಿದ್ದದ್ದೂ ತಕ್ಕಡಿಯೇ. ಖಜಾನೆಗೆ ಎಷ್ಟು ಉಳಿಯುತ್ತದೆ ಎಂಬ ಕಡೆಯಿಂದ ಅವನು ಅಳೆಯಲು ಹೊರಟಿದ್ದ, ದುಡಿಯುವವನ ಹೊಟ್ಟೆಯ ಕಡೆಯಿಂದಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಕಥೆ ಹನ್ನೆರಡನೆಯ ಶತಮಾನದ ಕಲ್ಯಾಣದ್ದು. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮೊರದಲ್ಲಿ ನೋಡಿದ ಕೂಡಲೇ ಗುರುತು ಹಿಡಿದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಅವನನ್ನು ಹಿಂದಕ್ಕೆ ಕಳಿಸಿದಳು. ಲಕ್ಕಮ್ಮನಿಗೆ ಅಳತೆ ಖಚಿತವಾಗಿ ಗೊತ್ತಿತ್ತು. ಅವಳು ಅಳೆದದ್ದು ಪಾತ್ರೆಗೆ ಬೀಳುವ ಅಕ್ಕಿಯನ್ನು. ಬಂದ ಜಂಗಮರ ತುತ್ತನ್ನಲ್ಲ. ದಾಸೋಹಕ್ಕೆ ಲೆಕ್ಕವಿಲ್ಲ ಎನ್ನುವವರು ಲಕ್ಕಮ್ಮನನ್ನು ಮರೆತಿರುತ್ತಾರೆ.

ಇಂದು ಯಗಟಿಯಂಥ ಊರುಗಳಲ್ಲಿ ದಿನವೂ ತಪ್ಪದೆ ದೊಡ್ಡ ಪಾತ್ರೆ ಒಲೆ ಏರುವ ಜಾಗ ಸರ್ಕಾರಿ ಶಾಲೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಬೇಕು ಎಂದಿತು. ಕರ್ನಾಟಕ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಮುಂದೆ ಮಿತಿ ಏರಿ ಐದನೇ ತರಗತಿವರೆಗೆ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್; ಆರರಿಂದ ಎಂಟರವರೆಗೆ 700 ಕ್ಯಾಲೊರಿ, 20 ಗ್ರಾಂ ಪ್ರೊಟೀನ್ ಆಯಿತು. ಚಿಕ್ಕ ಮಗುವಿನ ಹೆಸರಿಗೆ ಬರುವುದು ನೂರು ಗ್ರಾಂ ಅಕ್ಕಿ, ಇಪ್ಪತ್ತು ಗ್ರಾಂ ಬೇಳೆ, ಐವತ್ತು ಗ್ರಾಂ ತರಕಾರಿ, ಐದು ಗ್ರಾಂ ಎಣ್ಣೆ. ಕೂಡಿಸಿ ನೋಡಿದರೆ 450 ಸರಾಗವಾಗಿ ದಾಟುತ್ತದೆ. ಹೆಸರಿನಲ್ಲಿ ದಾಸೋಹ, ನಿಯಮದಲ್ಲಿ ಗ್ರಾಂ, ನಗಬೇಕೆಂದರೆ ನಗಬಹುದು. ಆದರೆ ಟೆಂಪಲನ ಒಂದು ಪೌಂಡಿಗೂ ಈ ನೂರು ಗ್ರಾಮಿಗೂ ದೊಡ್ಡ ಅಂತರವಿದೆ. ಅವನದು ಇದಕ್ಕಿಂತ ಹೆಚ್ಚು ಕೊಡಬೇಡಿ ಎಂಬ ಅಳತೆ, ಇದು ಇದಕ್ಕಿಂತ ಕಡಿಮೆ ಕೊಡಬೇಡಿ ಎಂಬ ಅಳತೆ. ಅಂಕಿ ಇಲ್ಲದಿದ್ದರೆ ತಿಳಿನೀರಿನಂಥ ಸಾರನ್ನು ಮಗುವಿನ ಪರವಾಗಿ ಪ್ರಶ್ನಿಸುವುದಕ್ಕೆ ಯಾರ ಕೈಯಲ್ಲೂ ಏನೂ ಇರುತ್ತಿರಲಿಲ್ಲ.

ಅಂಕಿ ಎಲ್ಲಿ ಸೋಲುತ್ತದೆ ಎಂಬುದನ್ನೂ ಇದೇ ಬಿಸಿಯೂಟ ತೋರಿಸಿಕೊಟ್ಟಿದೆ. ಸಾರು ಬಾಯಿಗೆ ಹತ್ತದಿದ್ದರೆ 450 ಕ್ಯಾಲೊರಿ ತಟ್ಟೆಯಲ್ಲೇ ಉಳಿಯುತ್ತದೆ. ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಲೇಬೇಕೆಂದು 2015ರ ಮಾರ್ಗಸೂಚಿ ಹೇಳುವುದು ಸುಮ್ಮನೆ ಅಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು; ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು, ಬಂದು ನಿಮ್ಮ ಮಠದಲ್ಲೇ ಮೊಟ್ಟೆ ತಿನ್ನುತ್ತೇವೆ ಎಂದು ಸವಾಲು ಹಾಕಿದ್ದು ರಾಜ್ಯವೆಲ್ಲ ಕೇಳಿತು. ಮೊಟ್ಟೆ ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ಇತ್ತು. ತನಗೆ ಬೇಡ ಎನ್ನುವುದು ಆ ಮಗುವಿನ ವ್ರತ. ಇನ್ನೊಂದು ಮಗುವಿಗೂ ಬೇಡ ಎನ್ನುವುದು ಪರರ ತುತ್ತು ಎಣಿಸುವ ಕೆಲಸವೇ, ಕಾವಿ ಉಟ್ಟು ಮಾಡಿದರೂ. ಅದೇ ಮಠ ಪರಂಪರೆಯ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಪ್ರಕಟಿಸಬಾರದೆಂಬುದು ಅವರ ಇಚ್ಛೆಯಾಗಿತ್ತು ಎಂದು ಪತ್ರಿಕೆಗಳು ಬರೆದವು.

ಇಷ್ಟಾದ ಮೇಲೂ ಒಬ್ಬರ ಪಾಲು ಯಾವ ಲೆಕ್ಕಕ್ಕೂ ಬರದೆ ಉಳಿಯುತ್ತದೆ. ತುತ್ತುಗಳನ್ನು ಎಣಿಸಿಕೊಟ್ಟ ಆಪಸ್ತಂಬನೇ ಅದೇ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿದ್ದಾನೆ: ಅನ್ನ ಸಾಲದಾದರೆ ತನಗೋ ಹೆಂಡತಿಗೋ ಮಗನಿಗೋ ಕಡಿಮೆ ಮಾಡಿಕೊಳ್ಳಬಹುದು, ದುಡಿಯುವ ಆಳಿಗೆ ಮಾತ್ರ ಕಡಿಮೆ ಮಾಡಕೂಡದು. ಆಳಿನ ಮಟ್ಟಿಗೆ ಇದು ಟೆಂಪಲನಿಗಿಂತ ಸಾವಿರ ಪಾಲು ದೊಡ್ಡ ಮಾತು. ಆದರೆ ಹೆಂಡತಿಯ ಹಸಿವನ್ನು ಗಂಡನ ತ್ಯಾಗದ ಲೆಕ್ಕಕ್ಕೆ ಜಮಾ ಮಾಡಿದ್ದು ಎಲ್ಲಿಯ ನ್ಯಾಯ? ಮಹಾಭಾರತದ ಅರಣ್ಯಪರ್ವದಲ್ಲಿ ಸೂರ್ಯ ಕೊಟ್ಟ ಅಕ್ಷಯಪಾತ್ರೆಯ ಕರಾರೂ ಹೀಗೆಯೇ. ಎಷ್ಟು ಜನಕ್ಕೆ ಬಡಿಸಿದರೂ ಮುಗಿಯದ ಆ ಪಾತ್ರೆ ದ್ರೌಪದಿ ಉಂಡ ಕೂಡಲೇ ಬರಿದು. ಅವಳು ಉಂಡ ಮೇಲೆ ದೂರ್ವಾಸರು ಶಿಷ್ಯರ ಹಿಂಡಿನೊಂದಿಗೆ ಬಂದರು. ಕೃಷ್ಣ ಪಾತ್ರೆಗೆ ಅಂಟಿದ್ದ ಒಂದಗುಳು, ಚೂರು ಸೊಪ್ಪು ಬಾಯಿಗಿಟ್ಟು ಎಲ್ಲರ ಹೊಟ್ಟೆ ತುಂಬಿಸಿದ. ಪವಾಡವನ್ನು ಎಲ್ಲರೂ ನೆನೆಯುತ್ತಾರೆ. ಎಲ್ಲರದೂ ಆದ ಮೇಲೆ ಉಣ್ಣುವುದು ಅವಳ ಪಾಲಿಗೆ ಬಂದದ್ದೇಕೆ ಎಂದು ಕೇಳುವವರು ಕಡಿಮೆ.

ಕೇಳಬೇಕಾದ ಕಾರಣ ಪುರಾಣದಲ್ಲಿಲ್ಲ, ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣಗಳು ಹಲವು, ಊಟದ ಸರದಿಯೊಂದೇ ಅಲ್ಲ. ಆದರೂ ಹದಿನೈದು ಜನದ ಸಾರಿನಲ್ಲಿ ಹದಿನಾಲ್ಕು ಸೌಟು ಹೋದ ಮೇಲೆ ಉಳಿಯುವುದು ಏನೆಂದು ಪ್ರತಿ ಮನೆಗೂ ಗೊತ್ತು. ಹೋಳು ಮುಗಿದಿರುತ್ತದೆ, ತಿಳಿ ಇರುತ್ತದೆ, ಅದಕ್ಕೆ ಉಪ್ಪಿನಕಾಯಿ. ಆ್ಯಪಿನ ಸರಾಸರಿ ಅವಳ ಹೆಸರಿಗೂ 105 ಎಂದು ಬರೆದುಕೊಳ್ಳುತ್ತದೆ. ಹಾಗೆ ನೋಡಿದರೆ ಕ್ಯಾಲೊರಿ ಲೆಕ್ಕದ ಮೇಲೆ ಹೊರಿಸಬೇಕಾದ ದೋಷ ಅದು ಅನ್ನವನ್ನು ಎಣಿಸುತ್ತದೆ ಎಂಬುದಲ್ಲ. ಪಂಕ್ತಿಭೇದವನ್ನು ಸರಾಸರಿಯ ಮರೆಯಲ್ಲಿ ಇಡುತ್ತದೆ ಎಂಬುದು.

ಈ ದೋಷಕ್ಕೆ ಪರಿಹಾರ ಹುಡುಕಲು ಶಾಸ್ತ್ರವೂ ಬೇಡ, ಸರ್ಕಾರವೂ ಬೇಡ. ಮನೆಯಲ್ಲಿ ಪಾತ್ರೆ ತೂಗಿ ಲೆಕ್ಕ ಬರೆಯುವ ಹುಡುಗ ಹುಡುಗಿಯರು ಒಂದು ವಾರ ತಮ್ಮ ತಟ್ಟೆಯನ್ನು ಬಿಟ್ಟು, ಬಡಿಸಿದವರು ಕೊನೆಗೆ ಹಾಕಿಕೊಂಡ ತಟ್ಟೆಯನ್ನು, ಅವರನ್ನೇ ಕೇಳಿ, ತೂಗಲಿ. ಅದರಲ್ಲಿ ಬೇಳೆ ಎಷ್ಟು ಬಿತ್ತು ಎಂದು ನೋಡಲಿ. ಮುಂದಿನ ಹರಿಸೇವೆಗೆ ಚೀಟಿ ಬರೆಯುವ ಯಜಮಾನರು ಅಕ್ಕಿ, ಬೇಳೆ, ಎಣ್ಣೆಯ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಅಡುಗೆ ಮಾಡಿದವರಿಗೆ, ಎಲೆ ಎತ್ತುವವರಿಗೆ ಮೊದಲ ಪಂಕ್ತಿಗೂ ಮುಂಚೆ, ತಳ ಕದಡಿ, ಒಂದು ತಪ್ಪಲೆ ಸಾರು ಎತ್ತಿಡುವುದು.